ಒತ್ತಕ್ಷರಕ್ಕೆ ಜಾಗವಿರಲಿಲ್ಲ

ನರಗುಂದ
9 ಜುಲೈ 2025, ಬುಧವಾರ

ನನ್ನ ಚಿನ್ನು,

ನಾವೆಲ್ಲ ಕ್ಷೇಮ ಎಂದು ಬರೆದು, ಆ ಹಾಳೆಯನ್ನು ಹರಿದು ಹಾಕಿ, ಇದು ಎರಡನೆಯ ಹಾಳೆ. ಇಷ್ಟುದ್ದದ ಕಾಗದ ನಾನು ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಸೊಟ್ಟವಾಗಿವೆ, ಹೊಂದಿಸಿಕೊಂಡು ಓದು.

ಫೋನಿನಲ್ಲಿಯೇ ಬರೆಯಬಹುದಿತ್ತು. ದಿನಾ ಬೆಳಿಗ್ಗೆ ನೀನು ‘ನಾಷ್ಟಾ ಆಯ್ತೇನವ್ವಾ’ ಎಂದು ಕೇಳುತ್ತೀ, ನಾನು ‘ಆಯ್ತು’ ಎಂದು ಕಳಿಸುತ್ತೇನೆ. ಅದರಲ್ಲಿ ಇದನ್ನು ಹೇಳಲು ಹೋದರೆ ನಾನು ಎರಡು ಸಾಲು ಒತ್ತುವಷ್ಟರಲ್ಲಿ ನಿನ್ನಿಂದ ನಾಲ್ಕು ಪ್ರಶ್ನೆ ಬಂದಿರುತ್ತವೆ. ಅವಕ್ಕೆ ಉತ್ತರ ಕೊಡುತ್ತ ನಾನು ಎಲ್ಲಿಯೋ ಜಾರಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಕಾಗದವಾದರೆ ನಡುವೆ ಯಾರೂ ಕೇಳುವುದಿಲ್ಲ.

ನಿನ್ನ ಅಪ್ಪಾಜಿಯನ್ನು ಮಣ್ಣು ಮಾಡಿ ಏಳು ವಾರವಾಯಿತು. ನೀನು ಬಂದದ್ದು ಮರುದಿನ ಮಧ್ಯಾಹ್ನ. ಚಪ್ಪಲಿ ಬಿಟ್ಟು ಒಳಗೆ ಬಂದು, ಅವರ ಫೋಟೋದ ಮುಂದೆ ನಿಂತು, ನಮಸ್ಕಾರ ಮಾಡಿ, ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೊರಟುಬಿಟ್ಟೆ. ಅಳಲಿಲ್ಲ. ಬಂದವರೆಲ್ಲ ನಿನ್ನ ಮುಖವನ್ನೇ ನೋಡುತ್ತಿದ್ದರು. ಮಗಳು ಇಷ್ಟು ಕಲ್ಲಾಗಿದ್ದಾಳಲ್ಲ ಎಂದು ಯಾರೋ ಅಂದರು. ನಿನಗೆ ಕೇಳಲಿಲ್ಲ, ನನಗೆ ಕೇಳಿತು. ಅಪ್ಪಾಜಿಯ ಮುಂದೆ ಹಾಗೆ ನಿಲ್ಲುವುದನ್ನು ನಿನಗೆ ಕಲಿಸಿದವಳು ನಾನು.

ನಿನಗೆ ನೆನಪಿದೆ. ನಿನಗೆ ಹತ್ತೊಂಬತ್ತು ವರ್ಷವಿದ್ದಾಗ ನಾನು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಮೂರು ಸಾಲು ಬರೆದು ನಿನ್ನ ಕೈಗೆ ಕೊಟ್ಟಿದ್ದೆ. ‘ನಿನಗೆ ಜ್ವರ ಬಂದಾಗ ಅಪ್ಪಾಜಿ ಊರಲ್ಲಿರಲಿಲ್ಲ. ಕಂಪ್ಯೂಟರಿನ ಮೆಮರಿ ತರಲು ಸೊಲ್ಲಾಪುರಕ್ಕೆ ಹೋಗಿ ನಾಲ್ಕು ದಿನ ಅಲ್ಲಿಯೇ ಉಳಿದರು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಿನ್ನ ಕಿವಿ ಉಳಿಯುತ್ತಿತ್ತು.’ ಇಷ್ಟೇ ಬರೆದದ್ದು. ಆ ಮೂರು ಸಾಲಿನಲ್ಲಿ ಪೂರ್ತಿ ಖರೆ ಇದ್ದದ್ದು ಮೊದಲನೆಯದು ಮಾತ್ರ.

ಆಗ ನಿನಗೆ ಐದು ವರ್ಷ. ಬಜಾರದಲ್ಲಿ ಅಪ್ಪಾಜಿಯ ರೇಡಿಯೋ ರಿಪೇರಿ ಅಂಗಡಿ. ಗಜೇಂದ್ರಗಡದ ವ್ಯಾಪಾರಸ್ಥರ ಮನೆಯಿಂದ ಬಂದ ನನಗೆ ಆ ಅಂಗಡಿ ಒಂದು ಕಸದ ಕೋಣೆಯಂತೆ ಕಾಣುತ್ತಿತ್ತು. ಹೊಟ್ಟೆ ಬಗೆದ ರೇಡಿಯೋಗಳು, ತಂತಿ, ಸುಟ್ಟ ವಾಸನೆ. ರೋಣದ ಹೈಸ್ಕೂಲಿನಲ್ಲಿ ನಿಂಗರಾಜ ಮಾಸ್ತರರೆಂದು ಒಬ್ಬರಿದ್ದರು. ಅವರ ತಮ್ಮ ಮಸ್ಕತ್ತಿನಿಂದ ಬರುವಾಗ ಒಂದು ಪುಟ್ಟ ಕಂಪ್ಯೂಟರು ತಂದಿದ್ದ. ಮಾಸ್ತರರಿಗೆ ಅದರ ತಲೆಬುಡ ತಿಳಿಯದೆ ಅಪ್ಪಾಜಿಗೆ ಕೊಟ್ಟುಬಿಟ್ಟರು. ಪಾಟಿಯಷ್ಟು ದೊಡ್ಡದು, ಕಪ್ಪು ಬಣ್ಣ, ಮೇಲೆ ರಬ್ಬರಿನ ಕೀಲಿಗಳು. ಟೀವಿಗೆ ಹಚ್ಚಿದರೆ ಟೀವಿಯೇ ಅದರ ಪರದೆ. ಬರೆದದ್ದನ್ನು ಉಳಿಸಿಕೊಳ್ಳಬೇಕೆಂದರೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಬೇಕು. ಮರುದಿನ ಆ ಕ್ಯಾಸೆಟ್ಟು ಹಚ್ಚಿ ವಾಪಸು ತರಬೇಕು. ಹಾಗೆ ತರುವಾಗ ಅದು ಚೀರುತ್ತಿತ್ತು. ಕಬ್ಬಿಣದ ಮೇಲೆ ಕಬ್ಬಿಣ ತಿಕ್ಕಿದಂಥ ಸದ್ದು. ನೀನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ನಕ್ಕೋತ ಹಿತ್ತಲಿಗೆ ಓಡಿಹೋಗುತ್ತಿದ್ದೆ. ಸದ್ದು ನಿಂತಿತೇ ಎಂದು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ.

ಅಪ್ಪಾಜಿ ಅದರಲ್ಲಿ ನಿನಗಾಗಿ ಅಕ್ಷರಮಾಲೆ ಮಾಡಲು ಹೊರಟಿದ್ದರು. ಕೀಲಿ ಒತ್ತಿದರೆ ‘ಅ’ ಬರಬೇಕು, ಪಕ್ಕದಲ್ಲಿ ಅಳಿಲು ಕಾಣಬೇಕು. ಆ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಚೌಕಳಿ ಹಾಳೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆದು, ಆ ಚುಕ್ಕೆಗಳನ್ನು ಅಂಕಿ ಮಾಡಿ ಅದರೊಳಗೆ ತುಂಬುತ್ತಿದ್ದರು. ಸ್ವರಗಳು ಮುಗಿದು ಇನ್ನೇನು ‘ಕ’ ಶುರುವಾಗಬೇಕು ಎನ್ನುವಾಗ, ಪರದೆಯ ಕೆಳಗೆ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತು. ಜಾಗ ಮುಗಿಯಿತು ಎಂದು ಅದರ ಅರ್ಥ.

“ಹದಿನಾರು ಕೆ ಅಷ್ಟ ಮೆಮರಿ ಐತಿ ಇದಕ್ಕ,” ಎಂದು ನನಗೆ ತಿಳಿಸಿ ಹೇಳಿದರು. “ಅಂದ್ರ ಹದಿನಾರು ಸಾವಿರ ಅಕ್ಷರದ ಜಾಗಾ ಅನ್ಕೊ. ಅದರಾಗ ಏಳು ಸಾವಿರ ಬರೇ ಪರದೆಗೇ ಹೋಗ್ತೈತಿ. ಉಳಿದದ್ದರಾಗ ಕನ್ನಡಾ ಹ್ಯಾಂಗ ಹಿಡಿಬೇಕು?” ಮುಚ್ಚಳ ತೆಗೆದು ಒಳಗಿನ ಹಸಿರು ಹಲಗೆ ತೋರಿಸಿದರು. ಚಿಪ್ಪುಗಳ ಸಾಲಿನ ಪಕ್ಕದಲ್ಲಿ ಇನ್ನೊಂದಿಷ್ಟು ಜಾಗ ಖಾಲಿ ಇತ್ತು. “ನೋಡು, ಮಾಡಿದವ್ರ ಜಾಗಾ ಬಿಟ್ಟಾರ. ಎಂಟು ಮೆಮರಿ ಚಿಪ್ಪು, ಅವುಕ್ಕ ದಾರಿ ತೋರಸಾಕ ನಾಕು ಸಣ್ಣ ಚಿಪ್ಪು. ಹನ್ನೆರಡು ಕುಂದ್ರಿಸಿದ್ರ ಹದಿನಾರರದು ನಲವತ್ತೆಂಟು ಆಕ್ಕೈತಿ.” ಹಬ್ಬದ ಬಟ್ಟೆ ನೋಡಿದ ಹುಡುಗನ ಮುಖವಾಗಿತ್ತು ಅವರದು.

ಆ ಹನ್ನೆರಡು ಚಿಪ್ಪನ್ನು ಸೊಲ್ಲಾಪುರದ ಒಬ್ಬ ಅಂಗಡಿಯವನು ಮುಂಬೈಯಿಂದ ತರಿಸಿಟ್ಟಿದ್ದಾನೆಂದು ಕಾರ್ಡು ಬಂತು. 1988ರ ಆಗಸ್ಟ್, ಒಂದು ಸೋಮವಾರ. ಬೆಳಿಗ್ಗೆ ನಿನ್ನ ಮೈ ಸ್ವಲ್ಪ ಬಿಸಿಯಿತ್ತು. “ಕೂಸಿನ ಮೈ ಕಾದೈತಿ, ಇವತ್ತ ಹೋಗಬ್ಯಾಡ್ರಿ,” ಎಂದೆ. ಅವರು ನಿನ್ನ ಹಣೆ ಮುಟ್ಟಿ ನೋಡಿದರು. “ನೆಗಡಿ ಜ್ವರಾ. ನಾಳಿ ಸಂಜಿಕ್ಕ ಬಂದ ಬಿಡ್ತೀನಿ,” ಎಂದರು. ನಾನು, “ನಿಮಗ ಮಗಳಿಗಿಂತಾ ಆ ಡಬ್ಬಿ ಹೆಚ್ಚಾತು,” ಎಂದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡರು. ನೀನು ಬಾಗಿಲಲ್ಲಿ ನಿಂತು ಕೈ ಬೀಸಿದೆ.

ಮಂಗಳವಾರ ಸಂಜೆ ಅವರು ಬರಲಿಲ್ಲ. ಜ್ವರ ಏರಿತು. ಬುಧವಾರ ಬೆಳಿಗ್ಗೆ ನೀನು ಕುಡಿದ ನೀರೂ ವಾಂತಿ ಮಾಡಿದೆ. ತಲೆ ನೋಯುತ್ತದೆ ಎಂದು ಅತ್ತೆ. ಬೆಳಕು ನೋಡಲು ಒಲ್ಲೆ ಎಂದೆ. ಪಕ್ಕದ ಮನೆಯ ಮೈಮುನಬಿ ನಿನ್ನ ಅಳು ಕೇಳಿ ಬಂದಳು. ನಿನ್ನನ್ನು ಎತ್ತಿಕೊಳ್ಳಲು ಕುತ್ತಿಗೆಯ ಕೆಳಗೆ ಕೈ ಹಾಕಿದಾಗ ನೀನು ಚೀರಿದೆ. ಅವಳೇ ಓಡಿಹೋಗಿ ಪ್ರಭುಲಿಂಗಪ್ಪ ಡಾಕ್ಟರರನ್ನು ಕರೆತಂದಳು. ಅವರು ನಿನ್ನ ಕುತ್ತಿಗೆ ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ಕೈ ತೊಳೆದುಕೊಳ್ಳುತ್ತ ನನ್ನ ಕಡೆ ನೋಡದೆ ಅಂದರು: “ಮಿದುಳ ಜ್ವರಾ ಇದ್ದಂಗ ಕಾಣತೈತಿ ತಂಗಿ. ನನ್ನ ಕಡೆ ಇದಕ್ಕ ಔಷಧ ಇಲ್ಲ. ಇವತ್ತ, ಈಗಿಂದೀಗ ಹುಬ್ಬಳ್ಳಿಗೆ ಒಯ್ರಿ. ತಡಾ ಮಾಡಿದ್ರ ಏನರೆ ಒಂದು ಕಳಕೋತೀರಿ.”

ಚಿನ್ನು, ಇದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಯ ಮಾತು. ಮೈಮುನಬಿಯ ಗಂಡನ ಟೆಂಪೋ ಬಾಗಿಲಲ್ಲಿತ್ತು. ಅವನು ಹಿಂದೆ ಗೋಣಿಚೀಲ ಹಾಸಿ, ಮೇಲೆ ತಮ್ಮ ಮನೆಯ ಕೌದಿ ಹಾಸಿ, ಇಂಜಿನ್ ಚಾಲೂ ಮಾಡಿಯೇ ನಿಂತಿದ್ದ. ನರಗುಂದದಿಂದ ಹುಬ್ಬಳ್ಳಿಗೆ ಎರಡು ಗಂಟೆಯ ದಾರಿ. ಯಾವ ಹೊಳೆಯೂ ನನಗೆ ಅಡ್ಡವಿರಲಿಲ್ಲ.

ನಾನು ಹೋಗಲಿಲ್ಲ.

ಯಾಕೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡೆನೋ. ಹೆದರಿಕೆ ಎಂದುಕೊಂಡೆ, ತಿಳಿವಳಿಕೆ ಇರಲಿಲ್ಲ ಎಂದುಕೊಂಡೆ. ಮಧ್ಯಾಹ್ನ ನಿನ್ನ ಜ್ವರ ಒಂದಿಷ್ಟು ಇಳಿದಿತ್ತು, ಅದಕ್ಕೆ ಮೋಸಹೋದೆ ಎಂದೂ ಸಮಾಧಾನ ಮಾಡಿಕೊಂಡೆ. ಇವು ಯಾವುವೂ ಅಲ್ಲ. ನನಗೆ ಸಿಟ್ಟಿತ್ತು. ಅವರು ಬರಬೇಕು, ನಿನ್ನನ್ನು ಈ ಸ್ಥಿತಿಯಲ್ಲಿ ಕಣ್ಣಾರೆ ನೋಡಬೇಕು, ತಮ್ಮ ಕೈಯಿಂದಲೇ ಎತ್ತಿಕೊಂಡು ದವಾಖಾನೆಗೆ ಓಡಬೇಕು. ಓಡುವಾಗ ನಾನು ಹಿಂದಿನಿಂದ, ನೋಡ್ರಿ, ನಾ ಹೇಳಿರಲಿಲ್ಲೇನು ಅನ್ನಬೇಕು. ಅದಕ್ಕಾಗಿ ಕಾದೆ. ಇನ್ನೊಂದು ಬಸ್ಸಿಗೆ ಬರುತ್ತಾರೆ, ಇನ್ನೊಂದು ಬಸ್ಸಿಗೆ ಬರುತ್ತಾರೆ ಎಂದು ಕಿಟಕಿಯಲ್ಲಿ ಕುಳಿತು ಕಾದೆ.

“ಅವ್ರು ಬರ್ಲಿ,” ಎಂದೆ ಮೈಮುನಬಿಗೆ.

“ಅವ್ರು ಬರೂತನಾ ಕೂಸಿನ ಜ್ವರಾ ನಿಂತಕೊಂಡು ಕಾಯ್ತೈತೇನು ಉಮಕ್ಕಾ?” ಎಂದು ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. “ನನ್ನ ಮಗಳಾಗಿದ್ರ ನಾ ಇಷ್ಟೊತ್ತಿಗೆ ಅರ್ಧಾ ದಾರಿ ದಾಟ್ತಿದ್ದೆ. ಕೂಸಿನ್ನ ನನ್ನ ಕೈಯಾಗ ಕೊಡು, ನಾ ಒಯ್ತೀನಿ.” ನಾನು ಕೊಡಲಿಲ್ಲ. ನಮ್ಮ ಮನೆಯ ವಿಷಯಕ್ಕೆ ನೀ ಬರಬೇಡ ಎಂದೆ. ಅವಳು ಅಳುತ್ತ ಹೋದಳು. ಟೆಂಪೋದ ಇಂಜಿನ್ ಬಂದ್ ಆಯಿತು.

ಬುಧವಾರ ಹೋಯಿತು. ಗುರುವಾರ ಮಧ್ಯಾಹ್ನವೂ ಹೋಯಿತು. ಸಂಜೆ ನಿನಗೆ ಫಿಟ್ಸ್ ಬಂತು. ಕಣ್ಣು ಮೇಲಾಗಿ, ಬಾಯಲ್ಲಿ ನೊರೆ ಬಂತು. ನಾನು ಬೀದಿಗೆ ಓಡಿಬಂದು ಚೀರಿದಾಗ ಮೈಮುನಬಿ ನಿನ್ನನ್ನು ನನ್ನ ತೋಳಿನಿಂದ ಕಸಿದುಕೊಂಡು ಟೆಂಪೋ ಹತ್ತಿದಳು. ಹುಬ್ಬಳ್ಳಿ ಮುಟ್ಟುವವರೆಗೂ ನೀನು ಅವಳ ತೊಡೆಯ ಮೇಲೆಯೇ ಇದ್ದೆ.

ಅಪ್ಪಾಜಿ ಆಸ್ಪತ್ರೆಗೆ ಬಂದದ್ದು ಶುಕ್ರವಾರ ಹೊತ್ತು ನೆತ್ತಿಗೇರಿದಾಗ. ಮೊಣಕಾಲಿನವರೆಗೆ ಕೆಸರು. ಮಂಗಳವಾರವೇ ಅವರು ಸೊಲ್ಲಾಪುರ ಬಿಟ್ಟು ಹೊಳೆಯ ಆಚೆ ದಂಡೆಯವರೆಗೆ ಬಂದಿದ್ದರು. ಅಷ್ಟರಲ್ಲಿ ಮಲಪ್ರಭೆ ಏರಿ, ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಬಸ್ಸುಗಳೆಲ್ಲ ನಿಂತುಬಿಟ್ಟವು. ಫೋನಿನ ತಂತಿಯೂ ಹರಿದಿತ್ತು. ಎರಡು ದಿನ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಹೊಳೆ ನೋಡಿದ್ದಾರೆ. ಶುಕ್ರವಾರ ಬೆಳಿಗ್ಗೆ ನೀರು ಇಳಿಯುತ್ತಿರುವಾಗಲೇ, ಬೇಡವೆಂದು ಪೊಲೀಸರು ಕೂಗುತ್ತಿದ್ದರೂ ಕೇಳದೆ ನಡೆದು ದಾಟಿದ್ದಾರೆ. ನಾಲ್ಕು ದಿನ ಸೊಲ್ಲಾಪುರದಲ್ಲಿ ಉಳಿದರು ಎಂದು ನಾನು ಬರೆದು ಕೊಟ್ಟೆನಲ್ಲ, ಅದು ಸುಳ್ಳು. ಸೊಲ್ಲಾಪುರದಲ್ಲಿ ಅವರು ಇದ್ದದ್ದು ಒಂದೇ ರಾತ್ರಿ.

ಅಂಗಿಯೊಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಟ್ಟೆಗೆ ಕಟ್ಟಿಕೊಂಡು ತಂದ ಒಂದು ಪುಟ್ಟ ಡಬ್ಬಿ ಇತ್ತು. ನಿನ್ನನ್ನು ನೋಡಿ ಅವರು ನೆಲಕ್ಕೆ ಕುಸಿದು ಕುಳಿತರು. “ಡಾಕ್ಟರು ಏನಂದ್ರು? ಯಾವಾಗ ತೋರಿಸಿದಿ?” ಎಂದು ಕೇಳಿದರು. “ನಿನ್ನೆ ಸಂಜಿಕ್ಕ,” ಎಂದೆ. “ಪ್ರಭುಲಿಂಗಪ್ಪ ಡಾಕ್ಟರು ನಿನ್ನೆ ಸಂಜಿಕ್ಕ ನೋಡಿ, ಹುಬ್ಬಳ್ಳಿಗೆ ಒಯ್ಯಿರಿ ಅಂದ್ರು, ಒಯ್ದೆ.” ಬಾಗಿಲ ಬಳಿ ನಿಂತಿದ್ದ ಮೈಮುನಬಿ ನನ್ನನ್ನು ಒಮ್ಮೆ ನೋಡಿದಳು. ಸಾಯುವವರೆಗೂ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಮೈಮುನ ಚಾಚಿ ಯಾಕೆ ನಮ್ಮ ಮನೆಗೆ ಬರೋದಿಲ್ಲ ಎಂದು ನೀನು ಬರೆದು ಕೇಳುತ್ತಿದ್ದೆ. ಅದಕ್ಕೆ ಕಾರಣ ಇದು.

ಹದಿನೆಂಟು ದಿನಕ್ಕೆ ನಿನ್ನನ್ನು ಮನೆಗೆ ಕರೆತಂದೆವು. ಬಡವಾಗಿದ್ದೆ, ನಡೆಯುವಾಗ ವಾಲುತ್ತಿದ್ದೆ. ಕರೆದರೆ ತಿರುಗುತ್ತಿರಲಿಲ್ಲ. ನಿಶ್ಶಕ್ತಿ ಎಂದುಕೊಂಡೆವು. ಮೂರನೆಯ ದಿನ ನಿನ್ನ ಮನಸ್ಸಿಗೆ ಖುಷಿಯಾಗಲಿ ಎಂದು ಅಪ್ಪಾಜಿ ಆ ಕಂಪ್ಯೂಟರನ್ನು ಟೀವಿಗೆ ಹಚ್ಚಿ, ಸ್ವರಗಳ ಕ್ಯಾಸೆಟ್ಟು ಹಾಕಿದರು. ಅದು ಎಂದಿನಂತೆ ಚೀರತೊಡಗಿತು. ನೀನು ಟೇಪ್ ರೆಕಾರ್ಡರಿನ ಪಕ್ಕದಲ್ಲಿಯೇ ಕುಳಿತಿದ್ದೆ. ಓಡಿಹೋಗಲಿಲ್ಲ. ಕಿವಿ ಮುಚ್ಚಲಿಲ್ಲ. ಟೀವಿಯ ಅಂಚಿನಲ್ಲಿ ಓಡುವ ಕೆಂಪು ನೀಲಿ ಪಟ್ಟಿಗಳನ್ನು ಬಾಯಿ ತೆರೆದು ನೋಡುತ್ತಿದ್ದೆ. ಅಪ್ಪಾಜಿ ಸದ್ದನ್ನು ಪೂರ್ತಿ ಏರಿಸಿದರು. ಹಿತ್ತಲಲ್ಲಿದ್ದ ನಾನೇ ತಾಳದೆ ಒಳಗೆ ಓಡಿಬಂದೆ. ನೀನು ಪಟ್ಟಿಗಳನ್ನು ನೋಡುತ್ತಲೇ ಇದ್ದೆ. ಅಪ್ಪಾಜಿ ಟೇಪನ್ನು ಬಂದ್ ಮಾಡಿದರು. ಪಟ್ಟಿ ನಿಂತಾಗಷ್ಟೇ ನೀನು ಅವರ ಕಡೆ ತಿರುಗಿ, ಯಾಕೆ ನಿಲ್ಲಿಸಿದಿರಿ ಎಂಬಂತೆ ನೋಡಿದೆ. ಅವರು ನಿನ್ನನ್ನು ಎದೆಗವಚಿಕೊಂಡು ಅತ್ತ ಸದ್ದು ಓಣಿಗೆಲ್ಲ ಕೇಳಿತು.

ಚಿಪ್ಪುಗಳ ಆ ಡಬ್ಬಿಯನ್ನು ಅವರು ಕಪಾಟಿನ ತಳಕ್ಕೆ ಸರಿಸಿಬಿಟ್ಟರು. ಅದನ್ನು ಮುಟ್ಟುವುದಿಲ್ಲ ಎಂದರು. ನನಗೆ ಒಳಗೊಳಗೆ ಸಮಾಧಾನವಾಯಿತು. ಅವರು ತಮ್ಮದೇ ತಪ್ಪೆಂದು ಒಪ್ಪಿಕೊಂಡರಲ್ಲ ಎಂದು.

ಕಿವಿ ಹೋದ ಮೇಲೆ ನೀನು ಮಾತಾಡುವುದನ್ನೂ ಬಿಟ್ಟೆ. ಮಾತು ಇಲ್ಲದೆ ನಿನಗೆ ಕಲಿಸುವುದು ಹೇಗೆ? ಅಪ್ಪಾಜಿ ಅಳಿಲು, ಆನೆಯ ಚಿತ್ರಗಳನ್ನೆಲ್ಲ ತೆಗೆದುಹಾಕಿ, ಆ ಹದಿನಾರು ಕೆ ಒಳಗೇ ಬರಿಯ ಅಕ್ಷರಗಳನ್ನು ಇಕ್ಕಟ್ಟಿನಲ್ಲಿ ತುಂಬಿದರು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದರು. ಒತ್ತಕ್ಷರಕ್ಕೆ ಮಾತ್ರ ಜಾಗವಿರಲಿಲ್ಲ. ಅಪ್ಪ ಎಂದು ಬರೆಯಬೇಕೆಂದರೆ ‘ಅಪಪ’ ಆಗುತ್ತಿತ್ತು. ನೀನು ಅದನ್ನೇ ಸರಿಯೆಂದು ಕಲಿತೆ. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಾಟಿ ಹಿಡಿದುಕೊಂಡು ಬಂದು ನನ್ನ ಮುಂದೆ ಹಿಡಿದೆ. ‘ಅವವ ಹಸಿವು’ ಎಂದು ಬರೆದಿದ್ದೆ. ಕಾಯಿಲೆಯಾದ ಮೇಲೆ ನೀನು ನನ್ನನ್ನು ಕರೆದದ್ದು ಅದೇ ಮೊದಲು. ನನ್ನ ಹೆಸರೇ ಅರ್ಧ ಮುರಿದು ಬಂದಿತ್ತು. ಹಿಟ್ಟಿನ ಕೈಯಲ್ಲಿಯೇ ಎದ್ದು ಹೋಗಿ, ಕಪಾಟಿನಿಂದ ಡಬ್ಬಿ ತೆಗೆದು ಅಪ್ಪಾಜಿಯ ಮುಂದಿಟ್ಟೆ.

“ಇವನ್ನ ಕುಂದ್ರಸ್ರಿ,” ಎಂದೆ. “ನನ್ನ ಮಗಳು ಅವ್ವ ಅಂತ ನೆಟ್ಟಗ ಬರೀಲಿ.”

ಆ ಭಾನುವಾರ ಕುಳಿತು ಒಂದೊಂದಾಗಿ ಹನ್ನೆರಡನ್ನೂ ಕೂರಿಸಿದರು. ಕಪ್ಪು ಸ್ಪಂಜಿಗೆ ಕಾಲು ಚುಚ್ಚಿಕೊಂಡು ಮಲಗಿದ್ದವು ಅವು. ಮುಚ್ಚಳ ಹಾಕಿ, ಟೀವಿಗೆ ಹಚ್ಚಿ, ಏನೋ ಒಂದು ಸಾಲು ಒತ್ತಿದರು. ಮೊದಲೆಲ್ಲ ಅದಕ್ಕೆ 32767 ಎಂದು ಉತ್ತರ ಬರುತ್ತಿತ್ತು. ಈಗ 65535 ಎಂದು ಬಂತು. ನನಗೆ ಅದರ ಅರ್ಥ ಇವತ್ತಿಗೂ ಗೊತ್ತಿಲ್ಲ, ಆ ಎರಡು ಸಂಖ್ಯೆ ಮಾತ್ರ ಮರೆತಿಲ್ಲ. ಅವರು ನಗಲಿಲ್ಲ. “ಬಂತು,” ಎಂದರು, ಅಷ್ಟೇ.

ದಸರೆಯ ಹೊತ್ತಿಗೆ ಒತ್ತಕ್ಷರ ಬಂದವು. ಚಿತ್ರಗಳೂ ಬಂದವು. ಅಂಗಡಿ ಮುಚ್ಚಿ ಬಂದ ಕೂಡಲೇ ನೀವಿಬ್ಬರೂ ಟೀವಿಯ ಮುಂದೆ. ಅವರೊಂದು ಸಾಲು ಒತ್ತುವರು, ನೀನೊಂದು ಸಾಲು ಒತ್ತುವಿ. ಅಂಗಡಿಗೆ ಬಂದ ಗಿರಾಕಿಯ ಮೀಸೆಯಿಂದ ಹಿಡಿದು ಬೆಕ್ಕು ಮರಿ ಹಾಕಿದ್ದರವರೆಗೆ ಎಲ್ಲ ಅಲ್ಲಿಯೇ ಮಾತಾಗುತ್ತಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನು ಬರೆದರು ಎಂದು ಓದಲು ಹೋದರೆ, ಅಷ್ಟರಲ್ಲಿ ಪರದೆ ಒರೆಸಿ ಹೊಸ ಸಾಲು ಬಂದಿರುತ್ತಿತ್ತು. ನನ್ನ ಬೆರಳು ಆ ರಬ್ಬರಿನ ಕೀಲಿಗೆ ಒಗ್ಗಲಿಲ್ಲ. ಕಲಿಯಲು ಮನಸ್ಸೇ ಮಾಡಲಿಲ್ಲ ಎನ್ನುವುದು ಹೆಚ್ಚು ಖರೆ.

ನಿನಗೆ ಎಂಟು ವರ್ಷವಿದ್ದಾಗ, ಧಾರವಾಡದ ಶಾಲೆಗೆ ಹೋಗುವ ಮುಂಚೆ, ಒಂದು ದಿನ ನೀನು ಒತ್ತಿದೆ: ‘ನನಗೆ ಯಾಕೆ ಕೇಳುವುದಿಲ್ಲ?’ ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಅಪ್ಪಾಜಿ ಕೀಲಿಗಳಿಂದ ಕೈ ತೆಗೆದರು. ತಿರುಗಿ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ‘ಜ್ವರ ಬಂದಿತ್ತು’ ಎಂದು ಒತ್ತಿದರು. ಆ ನೋಟ ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ನೀನು ಬೆಳೆದೆ. ಆ ಯಂತ್ರ ಕೆಟ್ಟು ಬೇರೆ ಕಂಪ್ಯೂಟರು ಬಂದವು. ರಜೆಗೆ ಮನೆಗೆ ಬಂದರೆ ನೀನು ಬ್ಯಾಗು ಕೆಳಗಿಡದೆ ಅಂಗಡಿಗೇ ಓಡುತ್ತಿದ್ದೆ. ನನಗೆ ಒಂದು ಕೈಸನ್ನೆ, ಅವರಿಗೆ ಒಂದು ತಾಸಿನ ಮಾತು. ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ನಿನಗೆ ಡಿಟಿಪಿ ಕೆಲಸ ಸಿಕ್ಕ ದಿನ, ಆ ಸುದ್ದಿಯನ್ನು ಮೊದಲು ಅವರಿಗೆ ಹೇಳಿದೆ. ನನಗೆ ಅವರು ಹೇಳಿದರು. ಆ ಮಧ್ಯಾಹ್ನವೇ ನಾನು ಕ್ಯಾಲೆಂಡರಿನ ಹಾಳೆ ಹರಿದದ್ದು. ನಿನ್ನ ಒಳ್ಳೆಯದಕ್ಕೆ ಹೇಳಿದೆ, ಖರೆ ಏನೆಂದು ನಿನಗೆ ಗೊತ್ತಿರಲಿ ಎಂದು ಹೇಳಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ. ಹೊಟ್ಟೆಕಿಚ್ಚಿನಿಂದ ಹೇಳಿದೆ ಮಗಳೇ.

ನೀನು ಆ ಹಾಳೆಯನ್ನು ಅಂಗಡಿಗೆ ಒಯ್ದು ಅವರ ಮುಂದೆ ಹಿಡಿದೆ. ಅವರು ಓದಿ, ನಿನ್ನ ಪೆನ್ನು ತೆಗೆದುಕೊಂಡು ಕೆಳಗೆ ಬರೆದದ್ದು ಒಂದೇ ಸಾಲು: ‘ಹೌದು, ಚಿಪ್ಪು ತರಲಿಕ್ಕೇ ಹೋಗಿದ್ದೆ.’ ಆಮೇಲಿನದು ನಿನಗೇ ಗೊತ್ತಿದೆ. ಹಬ್ಬಕ್ಕೆ ಬರುತ್ತಿದ್ದೆ, ಊಟ ಮಾಡಿ ಹೋಗುತ್ತಿದ್ದೆ. ಅವರು ಎದುರಿಗೆ ಬಂದರೆ ಕಣ್ಣು ಬೇರೆ ಕಡೆ. ಕೊಟ್ರೇಶನ ಜೊತೆ ನಿನ್ನ ಲಗ್ನವಾದಾಗ, ಫೋಟೋದಲ್ಲಿ ಸಹ ನೀನು ನನ್ನ ಪಕ್ಕದಲ್ಲಿ ನಿಂತೆ. ಅವರು ಆ ತುದಿಗೆ.

ನೀನು ಹಾಳೆ ತೋರಿಸಿ ಹುಬ್ಬಳ್ಳಿಗೆ ಹೋದ ದಿನ ನನಗೆ ಗೆದ್ದಂತೆಯೂ ಆಗಿತ್ತು, ಅಂಜಿಕೆಯೂ ಆಗಿತ್ತು. ಅವರು ಊಟಕ್ಕೆ ಏಳಲಿಲ್ಲ. ತಡೆಯಲಾರದೆ ನಾನೇ ಕೇಳಿದೆ: “ಹೊಳಿ ಬಂದಿತ್ತು ಅಂತ ಯಾಕ ಬರೀಲಿಲ್ರಿ ಆಕಿಗೆ? ಅದೊಂದು ಮಾತು ಬರದಿದ್ರ ಮುಗೀತಿತ್ತಲ್ಲ.”

ಅವರು ನನ್ನ ಮೇಲೆ ದನಿ ಎತ್ತಲಿಲ್ಲ. ಅಂದರು: “ನನಗ ಹೊಳಿ ಅಡ್ಡ ಬಂದಿತ್ತು ಅಂತ ಬರದ್ರ, ಅವ್ವಗ ಏನ ಅಡ್ಡ ಬಂದಿತ್ತು ಅಂತ ಆಕಿ ಕೇಳತಾಳ ಉಮಾ.”

“ನಿಮಗ ಯಾರ ಹೇಳಿದ್ರು?” ಎಂದೆ.

“ದವಾಖಾನಿಯಿಂದ ಬಂದ ವಾರದಾಗ ಪ್ರಭುಲಿಂಗಪ್ಪ ಡಾಕ್ಟರು ಅಂಗಡಿಗೆ ಬಂದಿದ್ರು. ಬುಧವಾರನ ಹೇಳಿದ್ದೆ, ಯಾಕ ಅಷ್ಟ ತಡಾ ಮಾಡಿದ್ರಿ ಅಂತ ಕೇಳಿದ್ರು. ಊರಾಗ ಇರಲಿಲ್ರಿ, ನನ್ನದ ತಪ್ಪು ಅಂತ ಹೇಳಿ ಕಳಿಸಿದೆ.” ಮತ್ತೆ ಅಂದರು: “ಆಕಿಗೆ ಒಬ್ಬರರೆ ಬೇಕಲ್ಲ. ಇಬ್ಬರನ್ನೂ ಕಳಕೊಂಡ್ರ ಎಲ್ಲಿಗೆ ಹೋಗ್ತಾಳ?”

ಹದಿನಾಲ್ಕು ವರ್ಷ ಅವರಿಗೆ ಗೊತ್ತಿತ್ತು, ಚಿನ್ನು. ಗೊತ್ತಿದ್ದೂ ನನ್ನ ಕೈಯ ಅನ್ನ ಉಂಡರು, ನನ್ನ ಜೊತೆ ನಕ್ಕರು, ನನ್ನ ಅವ್ವನ ತಿಥಿಗೆ ಗಜೇಂದ್ರಗಡಕ್ಕೆ ಬಂದು ಮಗನಂತೆ ಓಡಾಡಿದರು. ಆ ದಿನವೇ ನಾನು ಹುಬ್ಬಳ್ಳಿಗೆ ಬಂದು ನಿನಗೆ ಎಲ್ಲ ಹೇಳಬೇಕಿತ್ತು. ಯುಗಾದಿ ಆಗಲಿ ಎಂದುಕೊಂಡೆ. ನಿನ್ನ ಲಗ್ನ ಆಗಲಿ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಇಪ್ಪತ್ತಮೂರು ವರ್ಷ ಕಳೆದೆ. ಅವರು ಒಂದು ಸಲವೂ ನನಗೆ ಹೇಳು ಎನ್ನಲಿಲ್ಲ. ನೀನು ಬಂದು ಹೋದ ಸಂಜೆ ಮಾತ್ರ ಅಂಗಡಿಯಿಂದ ತಡವಾಗಿ ಬರುತ್ತಿದ್ದರು. “ಆಕಿ ಆರಾಮ ಅದಾಳಿಲ್ಲೊ? ಸೊರಗ್ಯಾಳೇನು?” ಎಂದು ಕೇಳುತ್ತಿದ್ದರು. ನೀನು ಉಂಡ ತಾಟನ್ನು ತಾವೇ ತೊಳೆದಿಡುತ್ತಿದ್ದರು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ. ನೀನು ಬರದಿದ್ದರೂ, ದಿನಾ ಬೆಳಿಗ್ಗೆ ಫೋನಿಗೆ ಕಳಿಸುವ ಆ ಒಂದು ಸಾಲನ್ನು ನಿಲ್ಲಿಸಿದರೂ, ನನಗೆ ಅರ್ಥವಾಗುತ್ತದೆ. ಅವರನ್ನು ಮಣ್ಣು ಮಾಡಿದ್ದು ಹೊಲದ ಮೂಡಣ ಬದುವಿನಲ್ಲಿ, ಬೇವಿನ ಗಿಡದ ಹತ್ತಿರ. ನನ್ನ ಮನೆಗೆ ಬರದೆಯೂ ಅಲ್ಲಿಗೆ ಹೋಗಿ ಬರಬಹುದು. ದಾರಿಯಲ್ಲಿ ಯಾರೂ ನಿನ್ನನ್ನು ತಡೆಯುವುದಿಲ್ಲ. ಈ ಕಾಗದವನ್ನು ಕೊಟ್ರೇಶನಿಗೂ ಓದಿಸು. ನಿನ್ನೊಬ್ಬಳ ಮೇಲೆಯೇ ಇದರ ಭಾರ ಬೀಳುವುದು ಬೇಡ.

ನಿನ್ನನ್ನು ಹೆತ್ತವಳು,
ಉಮಾ

ಇನ್ನೊಂದು ಮಾತಿದೆ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಪ್ಪಾಜಿ ಹೋದದ್ದು ಒಮ್ಮಿಂದೊಮ್ಮೆಲೇ ಅಲ್ಲ. ಒಮ್ಮೆಲೇ ಹೋದರೆಂದು ನಿನಗೆ ಬರೆದು ತೋರಿಸಿದ್ದು ಸುಳ್ಳು, ಬಂದವರ ಮಾತನ್ನೂ ನಿನಗೆ ಹಾಗೆಯೇ ತಿರುಚಿ ತಿಳಿಸಿದೆ. ಲಕ್ವಾ ಹೊಡೆದು ಗದಗಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಎರಡನೆಯ ದಿನ ಎಡಗೈ ಬೆರಳಿನಿಂದ ನನ್ನ ಅಂಗೈಯ ಮೇಲೆ ‘ಚಿ’ ಎಂದು ಬರೆದರು. ಸುದ್ದಿ ಕಳಿಸಿದ್ದೇನೆ ಎಂದೆ. ನಾನು ಕಳಿಸಿರಲಿಲ್ಲ. ನೀನು ಬಂದರೆ ಎಲ್ಲಿ ಹೇಳಿಬಿಡುತ್ತಾರೋ ಎಂದು ಹೆದರಿದೆ. ದಿನಾ ಕೇಳಿದರು. ಏಳನೆಯ ದಿನ ನಾನು, ಬರುವುದಿಲ್ಲವೆಂದು ಉತ್ತರ ಬಂದಿದೆ ಎಂದೆ. ಆಮೇಲೆ, ಒಂದೊಂದೇ ಶಬ್ದ ಹುಡುಕಿ, ನನಗೇ ಸಮಾಧಾನ ಹೇಳಿದರು: “ಲಗ್ನದ ಸೀಜನ್ ಐತಿ. ಪ್ರೆಸ್ಸಿನ್ಯಾಗ ಕೆಲಸಾ ಭಾಳ ಇರತೈತಿ. ಆಕಿ ಮ್ಯಾಲ ಸಿಟ್ಟಾಗಬ್ಯಾಡ.”